ಸಂಖ್ಯೆಯ ಗುಣವೂ ಬರಹದ ಗುಣವೂ

ಸಂಖ್ಯೆ ಬೇರೆ, ಅದನ್ನು ಬರೆದು ತೋರಿಸುವ ಅಂಕಗಳು ಬೇರೆ. ಇದು ಗಣಿತದ ಮೊದಲ ಪಾಠದಲ್ಲಿಯೇ ಹೇಳಬೇಕಾದ ಮಾತಾದರೂ ಲೋಕದಲ್ಲಿ ಇವೆರಡೂ ಒಂದೇ ಎಂಬ ಭ್ರಾಂತಿಯು ಪ್ರಬಲವಾಗಿದೆ. ಹದಿನಾರು ಎಂಬ ಸಂಖ್ಯೆಯು ನಾಲ್ಕರ ವರ್ಗವಾಗಿರುವುದು ಅದರ ಸ್ವಭಾವ. ಅದು ಒಂದು ಮತ್ತು ಆರು ಎಂಬ ಎರಡು ಅಂಕಗಳಿಂದ ಕಾಣಿಸಿಕೊಳ್ಳುವುದು ಹತ್ತುಹತ್ತಾಗಿ ಕಟ್ಟುವ ಅಭ್ಯಾಸದ ಫಲ. ಸ್ವಭಾವವು ಎಲ್ಲಿಯೂ ಬಿಡದು. ಅಭ್ಯಾಸವು ಬದಲಾದರೆ ಅದರ ಫಲವೂ ಬದಲಾಗುವುದು. ಸಂಖ್ಯೆಗಳ ವಿಷಯದಲ್ಲಿ ಜನರು ಆಶ್ಚರ್ಯದಿಂದ ಹೇಳುವ ಗುಣಗಳಲ್ಲಿ ಯಾವುವು ಸಂಖ್ಯೆಗೆ ಸೇರಿದವು, ಯಾವುವು ಬರಹಕ್ಕೆ ಸೇರಿದವು ಎಂಬುದನ್ನು ವಿಂಗಡಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಇದಕ್ಕೆ ನಿದರ್ಶನಗಳನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳು ಇಂದು ದಾವಣಗೆರೆ ಜಿಲ್ಲೆಯಲ್ಲಿವೆ. ೧೯೯೭ರಲ್ಲಿ ಆ ಜಿಲ್ಲೆಯು ಏರ್ಪಡುವವರೆಗೆ ಚನ್ನಗಿರಿ ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯ ಒಳಗಿದ್ದು ಈಚೆಗೆ ಬೇರೆ ತಾಲ್ಲೂಕಾಯಿತು. ಚನ್ನಗಿರಿಯ ಅಡಿಕೆಯನ್ನಾಗಲಿ ಹೊನ್ನಾಳಿಯ ಭತ್ತವನ್ನಾಗಲಿ ಕೊಂಡು ಮಾರುತ್ತಿದ್ದ ಹಿಂದಿನ ವರ್ತಕರೂ, ಗ್ರಾಮದ ಲೆಕ್ಕವನ್ನು ಬರೆಯುತ್ತಿದ್ದ ಶಾನುಭೋಗರೂ, ಕನ್ನಡನಾಡಿನ ಇತರ ಭಾಗಗಳವರಂತೆಯೇ, ಒಂದೇ ಸಾಲಿನಲ್ಲಿ ಎರಡು ಬಗೆಯ ಎಣಿಕೆಯನ್ನು ಬಳಸುತ್ತಿದ್ದರು. ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಮಸಿಯನ್ನೂ ಬಳಿದ ಕಡತದ ಬಟ್ಟೆಯ ಮೇಲೆ ಬಳಪದಿಂದ ಬರೆಯುವಾಗ, ಪೂರ್ಣ ರೂಪಾಯಿಗಳಿಗೆ ಹತ್ತರ ಕ್ರಮದ ಅಂಕಗಳು. ರೂಪಾಯಿಗಿಂತ ಕಡಿಮೆಯಾದುದಕ್ಕೆ ಗೀಟುಗಳು. ಕಾಲಿಗೆ ಒಂದು ನೆಟ್ಟ ಗೀಟು, ಅರೆಗೆ ಎರಡು, ಮುಕ್ಕಾಲಿಗೆ ಮೂರು. ಕಾಲಿನ ಕಾಲು ಭಾಗವೇ ವೀಸ, ಎಂದರೆ ಹದಿನಾರರಲ್ಲೊಂದು ಪಾಲು. ವೀಸಕ್ಕೆ ಬೇರೆ ಮಾಟದ, ಓರೆಯಾಗಿಯೋ ಅಡ್ಡವಾಗಿಯೋ ಎಳೆದ ಒಂದು ಗೀಟು, ಎರಡು ವೀಸಕ್ಕೆ ಎರಡು, ಮುವ್ವೀಸಕ್ಕೆ ಮೂರು. ನಾಲ್ಕು ವೀಸವಾದೊಡನೆ ಅದು ಕಾಲಾಗಿ ಹಿಂದಿನ ಸ್ಥಾನಕ್ಕೆ ಏರುವುದು. ನಾಲ್ಕು ಕಾಲಾದೊಡನೆ ರೂಪಾಯಿಯಾಗುವುದು. ಒಂದು ಸ್ಥಾನದಲ್ಲಿ ಮೂರಕ್ಕಿಂತ ಹೆಚ್ಚು ಗೀಟುಗಳು ಎಂದೂ ಬಾರವು.

ಹತ್ತರ ಕ್ರಮದಲ್ಲಿ ಒಂದು ಸ್ಥಾನದಲ್ಲಿ ಒಂಬತ್ತಕ್ಕಿಂತ ಹೆಚ್ಚು ಬಾರದಿರುವುದಕ್ಕೂ ಇದಕ್ಕೂ ಭೇದವೇನು? ತತ್ತ್ವದಲ್ಲಿ ಏನೂ ಇಲ್ಲ. ಅಲ್ಲಿ ಆಧಾರಸಂಖ್ಯೆ ಹತ್ತು, ಇಲ್ಲಿ ನಾಲ್ಕು. ಏಳಾಣೆಯೆಂದರೆ ಒಂದು ಕಾಲು ಮೂರು ವೀಸ. ಚತುರಾಧಾರದಲ್ಲಿ ಏಳು ಎಂಬ ಸಂಖ್ಯೆಯು ೧೩ ಎಂದು ಬರೆಯಲ್ಪಡುವುದು. ಹನ್ನೊಂದಾಣೆಯೆಂದರೆ ಅರೆ ಮುವ್ವೀಸ; ಅದು ೨೩. ಹದಿನಾರು ೧೦೦. ನಾಲ್ಕರ ಕಟ್ಟಿನಲ್ಲಿ ನೋಡುವವರಿಗೆ ಹಳೆಯ ರೂಪಾಯಿಗೂ ‘ನೂರೇ’ ಆಣೆಗಳಿದ್ದವು ಎಂದು ವಿನೋದವಾಗಿ ಹೇಳಬಹುದು.

ಇನ್ನು ಒಂಬತ್ತರ ಮಹಿಮೆಯನ್ನು ವಿಚಾರಿಸಬೇಕು. ಯಾವ ಸಂಖ್ಯೆಯ ಅಂಕಗಳನ್ನು ಕೂಡಿದರೆ ಒಂಬತ್ತಾಗಲಿ ಒಂಬತ್ತರ ಗುಣಕವಾಗಲಿ ಬರುವುದೋ ಆ ಸಂಖ್ಯೆಯು ಒಂಬತ್ತರಿಂದ ನಿಶ್ಶೇಷವಾಗಿ ಭಾಗಿಸಲ್ಪಡುವುದೆಂಬುದು ಎಲ್ಲರೂ ಬಲ್ಲ ವಿಷಯ. ಗುಣಾಕಾರ ಭಾಗಾಕಾರಗಳ ತಪ್ಪನ್ನು ಒಂಬತ್ತುಗಳನ್ನು ಕಳೆದು ಪರೀಕ್ಷಿಸುವ ಕ್ರಮವನ್ನು ಹತ್ತನೆಯ ಶತಮಾನದ ಎರಡನೆಯ ಆರ್ಯಭಟನು ತನ್ನ ಮಹಾಸಿದ್ಧಾಂತದಲ್ಲಿ ಹೇಳಿದ್ದಾನೆ. ಇಷ್ಟರಿಂದ ಒಂಬತ್ತು ಎಂಬ ಸಂಖ್ಯೆಯಲ್ಲಿಯೇ ಏನೋ ಅತಿಶಯವಿದೆಯೆಂದು ಬಗೆದು ಹೆಸರಿನ ಅಕ್ಷರಗಳಿಗೂ ಹುಟ್ಟಿದ ದಿನಕ್ಕೂ ಅಂಕಗಳನ್ನು ಕೂಡುತ್ತ ಹೋಗುವವರು ಕಾರಣವನ್ನು ನೋಡಿದವರಲ್ಲ. ಕಾರಣವಿಷ್ಟೆ: ಹತ್ತನ್ನು ಒಂಬತ್ತರಿಂದ ಭಾಗಿಸಿದರೆ ಶೇಷ ಒಂದು, ನೂರಕ್ಕೂ ಒಂದೇ, ಸಾವಿರಕ್ಕೂ ಒಂದೇ. ಆದುದರಿಂದ ಪ್ರತಿಯೊಂದು ಸ್ಥಾನದ ಅಂಕವೂ ಶೇಷದ ಮಟ್ಟಿಗೆ ತನ್ನ ಸ್ಥಾನವನ್ನು ಮರೆತು ಬರಿಯ ಅಂಕವಾಗಿ ನಿಲ್ಲುವುದು. ಆಧಾರಸಂಖ್ಯೆಗೆ ಒಂದು ಕಡಿಮೆಯಾದ ಯಾವ ಸಂಖ್ಯೆಗಾದರೂ ಈ ಪದವಿಯು ಸಿಕ್ಕುವುದು. ಎಂಟರ ಕಟ್ಟಿನಲ್ಲಿ ಏಳಕ್ಕೆ, ಹದಿನಾರರ ಕಟ್ಟಿನಲ್ಲಿ ಹದಿನೈದಕ್ಕೆ, ಕಾಲು ವೀಸಗಳ ನಾಲ್ಕರ ಕಟ್ಟಿನಲ್ಲಿ ಮೂರಕ್ಕೆ. ಮಹಿಮೆಯು ಒಂಬತ್ತರದಲ್ಲ, ಹತ್ತರ ನೆರೆಮನೆಯದು.

ಕಡತದಲ್ಲಿ ಇದು ಬಹಳ ಸುಲಭವಾದ ರೂಪವನ್ನು ತಾಳುತ್ತದೆ. ಅಲ್ಲಿ ಅಂಕವೆಂಬುದೇ ಗೀಟುಗಳ ಎಣಿಕೆಯಾದುದರಿಂದ ಅಂಕಗಳ ಮೊತ್ತವೆಂದರೆ ಗೀಟುಗಳ ಮೊತ್ತ. ಹನ್ನೊಂದಾಣೆಯನ್ನು ಮೂವರಿಗೆ ಆಣೆಯನ್ನು ಒಡೆಯದೆ ಹಂಚಬಹುದೇ ಎಂದು ತಿಳಿಯಬೇಕಾದರೆ ಗೀಟುಗಳನ್ನು ಎಣಿಸಿದರೆ ಸಾಕು: ಅರೆಗೆ ಎರಡು, ಮುವ್ವೀಸಕ್ಕೆ ಮೂರು, ಒಟ್ಟು ಐದು, ಮೂರನ್ನು ಕಳೆದರೆ ಎರಡು ಉಳಿಯಿತು, ಆದುದರಿಂದ ಎರಡಾಣೆ ಉಳಿಯುವುದು.

ಇದಕ್ಕೆ ಪೂರ್ಣ ರೂಪಾಯಿಗಳು ಸೇರಿದಾಗ ಪರೀಕ್ಷೆಯು ಇನ್ನೂ ಸ್ವಾರಸ್ಯವಾಗುವುದು. ಇಪ್ಪತ್ತೇಳು ರೂಪಾಯಿ ಒಂಬತ್ತಾಣೆಯನ್ನು ತೆಗೆದುಕೊಳ್ಳೋಣ. ರೂಪಾಯಿಯ ಅಂಕಗಳು ೨ ಮತ್ತು ೭. ಒಂಬತ್ತಾಣೆಗೆ ಅರೆಯ ಎರಡು ಗೀಟು, ವೀಸದ ಒಂದು ಗೀಟು. ಒಟ್ಟು ೧೨. ಒಂಬತ್ತನ್ನು ಕಳೆಯುವ ಅಭ್ಯಾಸವುಳ್ಳವನು ಮೂರು ಶೇಷವೆನ್ನುವನು. ಅದು ತಪ್ಪು. ಈ ಹಣವು ಒಟ್ಟು ೪೪೧ ಆಣೆ. ೪೪೧ ಎಂದರೆ ೪೯ರ ಒಂಬತ್ತು ಮಡಿ. ಒಂಬತ್ತು ಜನರಿಗೆ ತಲಾ ಮೂರು ರೂಪಾಯಿ ಒಂದಾಣೆಯಂತೆ ಶೇಷವಿಲ್ಲದೆ ಹಂಚಿಹೋಗುವುದು. ಎರಡು ಆಧಾರಗಳು ಬೆರೆತ ಬರಹದಲ್ಲಿ ಒಂಬತ್ತರ ಪರೀಕ್ಷೆಯು ನಿಲ್ಲದು. ಆದರೆ ಮೂರರ ಪರೀಕ್ಷೆಯು ನಿಲ್ಲುವುದು: ಹನ್ನೆರಡರಲ್ಲಿ ಮೂರುಗಳನ್ನು ಕಳೆದರೆ ಸೊನ್ನೆ, ಮೂವರಿಗೆ ತಲಾ ಒಂಬತ್ತು ರೂಪಾಯಿ ಮೂರಾಣೆ. ಹತ್ತನ್ನಾಗಲಿ ನಾಲ್ಕನ್ನಾಗಲಿ ಮೂರರಿಂದ ಭಾಗಿಸಿದರೆ ಉಳಿಯುವುದು ಒಂದೇ ಆದುದರಿಂದ, ಅಂಕಗಳೂ ಗೀಟುಗಳೂ ಮೂರರ ಮುಂದೆ ಒಂದೇ ಜಾತಿಯವಾಗುತ್ತವೆ. ಇಂಥ ಲೆಕ್ಕಕ್ಕೆ ಮತ್ತೊಂದು ಪರೀಕ್ಷೆಯೂ ಉಂಟು. ರೂಪಾಯಿಗೆ ಹದಿನಾರಾಣೆಯಾದುದರಿಂದ ರೂಪಾಯಿಗಳ ಸಂಖ್ಯೆಯನ್ನೂ ಆಣೆಗಳ ಸಂಖ್ಯೆಯನ್ನೂ ಹಾಗೆಯೇ ಕೂಡಿ ಹದಿನೈದುಗಳನ್ನು ಕಳೆಯಬಹುದು: ೨೭ಕ್ಕೆ ೯ ಸೇರಿ ೩೬, ಶೇಷ ೬. ೪೪೧ನ್ನು ೧೫ರಿಂದ ಭಾಗಿಸಿದರೂ ಶೇಷ ೬.

ಈ ೪೪೧ ಎಂಬ ಸಂಖ್ಯೆಯನ್ನು ಆರಿಸಿದುದು ಅಕಾರಣವಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ೮೫೦ರಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದ ಗುಣಾಕಾರ ಪ್ರಕರಣದಲ್ಲಿ ಈ ಸಂಖ್ಯೆಯು ಬರುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳಲ್ಲಿ ಆಚಾರ್ಯನಿಗೆ ವಿಶೇಷವಾದ ಪ್ರೀತಿ. ಅಂಥವನ್ನು ಆತನು ಅರಸರು ಧರಿಸುವ ಕಂಠಾಭರಣಕ್ಕೆ ಹೋಲಿಸಿದ್ದಾನೆ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧; ೧೫೨೨೦೭ನ್ನು ೭೩ರಿಂದ ಗುಣಿಸಿದರೆ ೧೧೧೧೧೧೧೧; ೨೭೯೯೪೬೮೧ನ್ನು ೪೪೧ರಿಂದ ಗುಣಿಸಿದರೆ ೧೨೩೪೫೬೫೪೩೨೧; ೧೨೩೪೫೬೭೯ನ್ನು ೯ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಈ ಮಾಲೆಗಳು ಸಂಖ್ಯೆಗಳಿಗೆ ಸೇರಿದವೋ, ಬರಹಕ್ಕೆ ಸೇರಿದವೋ?

ಮೊದಲನೆಯದನ್ನು ನೋಡಿದರೆ ಉತ್ತರವು ಸ್ಪಷ್ಟವಾಗುವುದು. ೧೫೧೫೧ ಎಂಬ ಸಂಖ್ಯೆಯನ್ನು ನಾಲ್ಕರ ಕಟ್ಟಿನಲ್ಲಿ ಬರೆದರೆ ೩೨೩೦೨೩೩ ಆಗುತ್ತದೆ, ಮಾಲೆಯು ಹರಿದುಹೋಯಿತು. ಆದರೂ ಆ ಸಂಖ್ಯೆಯ ಅವಯವಗಳು ೧೩೯ ಮತ್ತು ೧೦೯ ಎಂಬ ಎರಡು ಅವಿಭಾಜ್ಯ ಸಂಖ್ಯೆಗಳೇ ಆಗಿ ಉಳಿದಿವೆ. ದಾರವು ಬರಹದ್ದು, ಮಣಿಗಳು ಸಂಖ್ಯೆಯವು.

ಕಡೆಯ ಮಾಲೆಯು ಹಾಗಲ್ಲ. ಅದು ಯಾವ ಕಟ್ಟಿನಲ್ಲಿಯೂ ಮತ್ತೆ ಹುಟ್ಟಿಬರುತ್ತದೆ. ೧೨೩೪೫೬೭೯ ಎಂಬಲ್ಲಿ ಎಂಟು ಏಕೆ ಬಿಟ್ಟುಹೋಗಿದೆಯೆಂದು ವಿದ್ಯಾರ್ಥಿಗಳು ಕೇಳುವುದುಂಟು. ಒಂದುಗಳ ಸಾಲನ್ನು ಒಂಬತ್ತರಿಂದ ಭಾಗಿಸುತ್ತ ಬಂದರೆ ಸಂದೇಹವು ತೀರುವುದು. ಹನ್ನೊಂದರಲ್ಲಿ ಒಂಬತ್ತು ಒಂದು ಸಲ, ಉಳಿದುದು ಎರಡು. ಮುಂದಿನ ಒಂದನ್ನು ಇಳಿಸಿದರೆ ಇಪ್ಪತ್ತೊಂದು, ಅದರಲ್ಲಿ ಎರಡು ಸಲ, ಉಳಿದುದು ಮೂರು. ಹೀಗೆಯೇ ಎಪ್ಪತ್ತೊಂದರಲ್ಲಿ ಏಳು ಸಲ, ಉಳಿದುದು ಎಂಟು. ಆಗ ಬರುವುದು ಎಂಬತ್ತೊಂದು. ಅದರಲ್ಲಿ ಒಂಬತ್ತು ಒಂಬತ್ತು ಸಲ ಪೂರ್ತಿಯಾಗಿ ಹೋಗುವುದು, ಶೇಷವಿಲ್ಲ. ಎಂಟಕ್ಕೆ ಸರದಿಯೇ ಬರಲಿಲ್ಲ. ಎಂಟರ ಕಟ್ಟಿನಲ್ಲಿ ಇದೇ ಭಾಗಾಕಾರವನ್ನು ಏಳರಿಂದ ಮಾಡಿದರೆ ೧೨೩೪೫೭ ಎಂದು ಬರುವುದು. ಅಲ್ಲಿ ಆರು ಬಿಟ್ಟುಹೋಗುವುದು. ನಾಲ್ಕರ ಕಟ್ಟಿನಲ್ಲಿ ಮೂರರಿಂದ ಭಾಗಿಸಿದರೆ ಎರಡು ಬಿಟ್ಟುಹೋಗಿ ೧೩ ಎಂದು ಬರುವುದು. ಚತುರಾಧಾರದ ೧೩ ಎಂದರೆ ಏಳು. ಏಳನ್ನು ಮೂರರಿಂದ ಗುಣಿಸಿದರೆ ಇಪ್ಪತ್ತೊಂದು. ಇಪ್ಪತ್ತೊಂದಾಣೆಯೆಂದರೆ ಒಂದು ರೂಪಾಯಿ, ಒಂದು ಕಾಲು, ಒಂದು ವೀಸ. ಆದುದರಿಂದ ಒಂದಕ್ಕೆ ಏಳಾಣೆಯಂತೆ ಮೂರು ಪದಾರ್ಥಗಳನ್ನು ಮಾರಿ ಕಡತದಲ್ಲಿ ರೂಪಾಯಿಗೆ ಒಂದು ಅಂಕವನ್ನೂ ಕಾಲಿಗೆ ಒಂದು ಗೀಟನ್ನೂ ವೀಸಕ್ಕೆ ಒಂದು ಗೀಟನ್ನೂ ಹಾಕಿದ ಯಾವ ವರ್ತಕನಾದರೂ ಮಹಾವೀರಾಚಾರ್ಯನ ಕಂಠಾಭರಣವನ್ನೇ ಅರಿಯದೆ ಬರೆದಂತಾಯಿತು.

೪೪೧ರ ವಿಚಾರವು ಇನ್ನೂ ಉಳಿದಿದೆ. ಅದು ಇಪ್ಪತ್ತೊಂದರ ವರ್ಗ. ಇಪ್ಪತ್ತೊಂದು ನಾಲ್ಕರ ಕಟ್ಟಿನಲ್ಲಿ ೧೧೧. ಅದರ ವರ್ಗ ೧೨೩೨೧. ಎಂದರೆ ಹತ್ತರ ಕಟ್ಟಿನಲ್ಲಿ ೧೨೩೪೫೬೫೪೩೨೧ ಎಂಬ ಮಾಲೆಯನ್ನು ಕೊಡುವ ಗುಣಕವು ನಾಲ್ಕರ ಕಟ್ಟಿನಲ್ಲಿ ತಾನೇ ಒಂದು ಮಾಲೆಯಾಗಿದೆ. ಇದು ಆಚಾರ್ಯನ ಉದ್ದೇಶವಾಗಿತ್ತೆಂದು ಹೇಳುವುದು ಸರಿಯಾಗದು. ಹತ್ತರ ಕಟ್ಟಿನ ಆರು ಒಂದುಗಳಲ್ಲಿ ಮೂರು ಮತ್ತು ಏಳು ಅವಯವಗಳಾಗಿರುವುದರಿಂದ ಇಪ್ಪತ್ತೊಂದು ಅಲ್ಲಿಗೆ ಬಂದಿತು. ಒಂದುಗಳ ಸಾಲಿನಲ್ಲಿಯೂ ಎಲ್ಲ ಕಟ್ಟುಗಳಿಗೂ ಸಮಾನವಾದ ನಿಯಮಗಳುಂಟು. ನಾಲ್ಕು ಒಂದುಗಳ ಸಂಖ್ಯೆಯು ಯಾವ ಆಧಾರದಲ್ಲಿಯೂ ಅವಿಭಾಜ್ಯವಾಗದು. ಅದು ಯಾವಾಗಲೂ ೧೧ರಿಂದಲೂ ೧೦೧ರಿಂದಲೂ ಆದುದು. ಹತ್ತರಲ್ಲಿ ೧೧ನ್ನು ೧೦೧ರಿಂದ ಗುಣಿಸಿದುದು. ನಾಲ್ಕರಲ್ಲಿ ಐದನ್ನು ಹದಿನೇಳರಿಂದ ಗುಣಿಸಿ ಎಂಬತ್ತೈದು. ಎರಡರಲ್ಲಿ ಮೂರನ್ನು ಐದರಿಂದ ಗುಣಿಸಿ ಹದಿನೈದು. ಮೂರು ಒಂದುಗಳಿಗೆ ಇಂಥ ನಿಯಮವಿಲ್ಲ: ಎರಡರ ಕಟ್ಟಿನಲ್ಲಿ ಅದು ಏಳು, ಅವಿಭಾಜ್ಯ, ನಾಲ್ಕರಲ್ಲಿ ಇಪ್ಪತ್ತೊಂದು, ವಿಭಾಜ್ಯ.

ಆಧಾರವನ್ನು ಬದಲಾಯಿಸುವುದರಿಂದ ಮರೆಯಾಗಿದ್ದ ಗುಣವು ಪ್ರಕಟವಾಗುವುದೂ ಉಂಟು. ಜಪಮಾಲೆಯ ಮಣಿಗಳು ನೂರೆಂಟು. ಒಂದು, ಸೊನ್ನೆ, ಎಂಟು ಇವನ್ನು ಕೂಡಿದರೆ ಒಂಬತ್ತಾಗುವುದೇ ಇದರ ಹಿರಿಮೆಯೆಂದು ಹಲವರು ಹೇಳುತ್ತಾರೆ. ನಾಲ್ಕರ ಕಟ್ಟಿನಲ್ಲಿ ನೂರೆಂಟು ೧೨೩೦ ಆಗುವುದರಿಂದ ಅಂಕಗಳ ಮೊತ್ತ ಆರು. ಆ ಹಿರಿಮೆಯು ಅಲ್ಲಿಗೆ ಮುಗಿಯಿತು. ಆದರೆ ಆ ಬರಹದ ಕಡೆಯ ಸೊನ್ನೆಯನ್ನು ಗಮನಿಸಬೇಕು. ಅದನ್ನು ತೆಗೆದರೆ ಉಳಿಯುವ ೧೨೩ ಎಂಬುದು ಇಪ್ಪತ್ತೇಳು. ಇಪ್ಪತ್ತೇಳು ನಕ್ಷತ್ರಗಳು, ಒಂದೊಂದಕ್ಕೆ ನಾಲ್ಕು ನಾಲ್ಕು ಪಾದಗಳು. ಜ್ಯೋತಿಷದಲ್ಲಿ ನೂರೆಂಟು ಪಾದಗಳಾಗುವ ಕ್ರಮವಿದೇ ಆಗಿದೆ. ದಶಾಧಾರದಲ್ಲಿ ಕಾಣದ ನಾಲ್ಕು ಪಾದಗಳು ಚತುರಾಧಾರದಲ್ಲಿ ಸೊನ್ನೆಯ ರೂಪದಿಂದ ಕಣ್ಣಿಗೆ ಕಾಣಿಸಿಕೊಂಡವು.

ನಾಲ್ಕಕ್ಕಿಂತ ಸಣ್ಣ ಆಧಾರವು ಎರಡು. ಅದು ಛಂದಶ್ಶಾಸ್ತ್ರದಲ್ಲಿ ಬಹುಕಾಲದಿಂದ ಇದೆ. ಪಿಂಗಲನ ಸೂತ್ರಗಳಲ್ಲಿ ಹೇಳಿದ ಪ್ರಸ್ತಾರವನ್ನೂ ನಷ್ಟ ಉದ್ದಿಷ್ಟಗಳೇ ಮೊದಲಾದ ಪ್ರತ್ಯಯಗಳನ್ನೂ ಹತ್ತನೆಯ ಶತಮಾನದ ನಾಗವರ್ಮನು ಛಂದೋಂಬುಧಿಯಲ್ಲಿ ಕನ್ನಡಿಗರಿಗೆ ತಿಳಿಸಿಕೊಟ್ಟನು. ನಾಲ್ಕಕ್ಷರದ ಪಾದಕ್ಕೆ ಗುರುಲಘುಗಳ ಭೇದದಿಂದ ಹದಿನಾರು ರೂಪಗಳು. ಅವುಗಳಲ್ಲಿ ಎಂಟನೆಯದು ಯಾವುದೆಂದು ತಿಳಿಯಬೇಕಾದರೆ ನಷ್ಟದ ವಿಧಿಯಂತೆ ಸಂಖ್ಯೆಯು ಸಮವಾಗಿದ್ದರೆ ಲಘುವನ್ನು ಬರೆದು ಅರ್ಧಿಸಬೇಕು. ವಿಷಮವಾಗಿದ್ದರೆ ಗುರುವನ್ನು ಬರೆದು ಒಂದನ್ನು ಕೂಡಿಸಿ ಅರ್ಧಿಸಬೇಕು. ಎಂಟು ಸಮ, ಲಘು, ನಾಲ್ಕು, ಲಘು, ಎರಡು, ಲಘು, ಒಂದು ವಿಷಮ, ಗುರು. ಎಂಟನೆಯದು ಮೂರು ಲಘುಗಳ ಮೇಲೊಂದು ಗುರು. ಸಾಲಿನ ಕ್ರಮಸಂಖ್ಯೆಯಲ್ಲಿ ಒಂದನ್ನು ಕಳೆದು, ಗುರುವನ್ನು ಸೊನ್ನೆಯೆಂದೂ ಲಘುವನ್ನು ಒಂದೆಂದೂ ಬಗೆದರೆ ಇದು ಎರಡರ ಕಟ್ಟಿನಲ್ಲಿ ಬರೆದ ಏಳೇ ಆಗಿದೆ. ಬಿಡಿಯ ಸ್ಥಾನವು ಮಾತ್ರ ಎಡಗಡೆಯಲ್ಲಿರುವುದು. ಎರಡೆರಡು ಅಕ್ಷರಗಳನ್ನು ಒಂದೊಂದು ಜೋಡಿಯಾಗಿ ಹಿಡಿದರೆ ಮೊದಲ ಜೋಡಿಯು ಮೂರು, ಎರಡನೆಯದು ಒಂದು: ಮುವ್ವೀಸ ಮತ್ತು ಕಾಲು, ಅದೇ ಏಳಾಣೆ. ಹದಿನಾರು ವೃತ್ತಗಳೂ ಸೊನ್ನೆಯಿಂದ ಹದಿನೈದರವರೆಗಿನ ಆಣೆಗಳೂ ಹೀಗೆ ಒಂದಕ್ಕೊಂದು ಹೊಂದುತ್ತವೆ. ಮ, ಯ, ರ, ಸ, ತ, ಜ, ಭ, ನ ಎಂಬ ಎಂಟು ಗಣಗಳ ಶಾಸ್ತ್ರಸಿದ್ಧವಾದ ಕ್ರಮವೂ ಸೊನ್ನೆಯಿಂದ ಏಳರವರೆಗಿನ ಕ್ರಮವೇ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಪಿಂಗಲನು ಇಂದಿನ ಗಣಕಯಂತ್ರಗಳ ಅಂಕಗಣಿತವನ್ನೆಲ್ಲ ಹೇಳಿಬಿಟ್ಟಿದ್ದಾನೆಂದು ಬರೆಯುವವರಿದ್ದಾರೆ. ಆತನು ಹೇಳಿದುದು ಕ್ರಮಸಂಖ್ಯೆಯಿಂದ ರೂಪವನ್ನೂ ರೂಪದಿಂದ ಕ್ರಮಸಂಖ್ಯೆಯನ್ನೂ ತಪ್ಪದೆ ಪಡೆಯುವ ವಿಧಿ. ಗುರುಲಘುಗಳ ಸಾಲುಗಳನ್ನು ಒಂದಕ್ಕೊಂದು ಕೂಡುವುದು, ಗುಣಿಸುವುದು ಅಲ್ಲಿಲ್ಲ. ಅವು ಲೈಬ್ನಿಟ್ಸನು ೧೭೦೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇವೆ. ಇರುವುದನ್ನು ಇರುವಷ್ಟೇ ಹೇಳಿದರೂ ಪಿಂಗಲನ ಕೀರ್ತಿಗೆ ಕೊರತೆಯಿಲ್ಲ.

ಮಾತ್ರಾಗಣಗಳ ಪ್ರಸ್ತಾರವು ಇನ್ನೂ ವಿಚಿತ್ರವಾದ ಬರಹಕ್ಕೆ ಎಡೆಗೊಡುತ್ತದೆ. ಮೂರು ಮಾತ್ರೆಗಳಿಗೆ ಮೂರು ರೂಪ, ನಾಲ್ಕಕ್ಕೆ ಐದು, ಐದಕ್ಕೆ ಎಂಟು, ಆರಕ್ಕೆ ಹದಿಮೂರು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು. ಈ ನಿಯಮವನ್ನು ವಿರಹಾಂಕನೂ ಹನ್ನೆರಡನೆಯ ಶತಮಾನದ ಹೇಮಚಂದ್ರನೂ ಬಲ್ಲರು. ೧, ೨, ೩, ೫, ೮, ೧೩ ಇವನ್ನೇ ಸ್ಥಾನಗಳ ಬೆಲೆಯಾಗಿ ಇಟ್ಟುಕೊಂಡರೆ, ಯಾವ ಸಂಖ್ಯೆಯನ್ನಾದರೂ ನೆರೆಹೊರೆಯ ಎರಡು ಸ್ಥಾನಗಳನ್ನು ಒಟ್ಟಿಗೆ ಬಳಸದೆ ಒಂದೇ ಬಗೆಯಲ್ಲಿ ಬರೆಯಬಹುದು: ಹನ್ನೊಂದು ಎಂದರೆ ಎಂಟು ಮತ್ತು ಮೂರು, ಬೇರೆ ಬಗೆಯಿಲ್ಲ. ಇಲ್ಲಿ ಆಧಾರಸಂಖ್ಯೆಯೆಂಬುದೇ ಇಲ್ಲದಿರುವುದರಿಂದ ಒಂಬತ್ತರಂತೆ ಮೆರೆಯುವ ಸಂಖ್ಯೆಯೂ ಇಲ್ಲ.

ಮತ್ತೆ ಹಣದ ಲೆಕ್ಕಕ್ಕೆ ಬಂದರೆ, ೧೯೫೭ನೆಯ ಏಪ್ರಿಲ್ ೧ರಂದು ರೂಪಾಯಿಗೆ ನೂರು ನಯಾಪೈಸೆಗಳಾದಾಗ ಹದಿನಾರರ ಕಟ್ಟು ಹೋಗಿ ಹತ್ತರ ಕಟ್ಟೇ ಕಡೆಯವರೆಗೂ ಹಬ್ಬಿತು. ಹದಿನಾರಕ್ಕೂ ನೂರಕ್ಕೂ ಸಮಾನವಾದ ಅತಿ ದೊಡ್ಡ ಭಾಜಕವು ನಾಲ್ಕು. ಆದುದರಿಂದ ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ ಇವು ಮಾತ್ರ ೨೫, ೫೦, ೭೫ ಪೈಸೆಗಳಾಗಿ ಸರಿಯಾಗಿ ದಾಟಿದವು; ಒಂದಾಣೆಗೆ ಆರೂಕಾಲು, ಎರಡಾಣೆಗೆ ಹನ್ನೆರಡೂವರೆ ಎಂದು ತುಂಡುಗಳು ಉಳಿದವು. ಜನರ ಮಾತಿನಲ್ಲಿ ನಾಲ್ಕಾಣೆ ಎಂಟಾಣೆಗಳ ಹೆಸರುಗಳು ಹೊಸ ನಾಣ್ಯಗಳಿಗೂ ಅಂಟಿಕೊಂಡು ಬಹುಕಾಲ ಬಾಳಿ, ಒಂದಾಣೆ ಮೂರಾಣೆಗಳು ಮರೆತುಹೋದುದಕ್ಕೆ ಇದೇ ಕಾರಣವಾಗಿರಬೇಕು. ಇಪ್ಪತ್ತೈದು ಪೈಸೆಯ ನಾಣ್ಯವು ೨೦೧೧ರಲ್ಲಿ ಚಲಾವಣೆಯಿಂದ ಹೋಯಿತು. ಆಣೆಗೆ ಹನ್ನೆರಡು ಕಾಸಿನಂತೆ ಹಳೆಯ ರೂಪಾಯಿಗೆ ೧೯೨ ಕಾಸುಗಳಿದ್ದು ಅದರಲ್ಲಿ ಮೂರರ ಅವಯವವಿದ್ದುದರಿಂದ ರೂಪಾಯಿಯ ಮೂರನೆಯ ಒಂದು ಪಾಲು ಐದಾಣೆ ನಾಲ್ಕು ಕಾಸಾಗಿ ನಿಶ್ಶೇಷವಾಗಿ ಬರುತ್ತಿತ್ತು. ಆ ಸೌಕರ್ಯವು ನೂರರಲ್ಲಿಲ್ಲ. ಒಂ‌ಬತ್ತರ ಪರೀಕ್ಷೆಯು ಮಾತ್ರ ಲೆಕ್ಕದ ಇಡೀ ಸಾಲಿಗೆ ಅನ್ವಯಿಸುವಂತಾಯಿತು.

ಕಡೆಯದಾಗಿ ಹೇಳಬೇಕಾದುದು ಅರವತ್ತರ ಕಟ್ಟು. ಚನ್ನಗಿರಿ ಹೊನ್ನಾಳಿ ತಾಲ್ಲೂಕುಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿಯೂ ಜಗಳೂರಿನವು ಹನ್ನೊಂದನೆಯ ಸಂಪುಟದಲ್ಲಿಯೂ ಅಚ್ಚಾಗಿವೆ. ನ್ಯಾಮತಿಯವನ್ನು ಹೊನ್ನಾಳಿಯಲ್ಲಿ ಹುಡುಕಬೇಕು. ಕನ್ನಡ ಶಾಸನಗಳಲ್ಲಿ ಶಕವರ್ಷದೊಡನೆ ಸಂವತ್ಸರದ ಹೆಸರನ್ನೂ ಹೇಳುವುದು ವಾಡಿಕೆ. ಗತ ಶಕವರ್ಷಕ್ಕೆ ಹನ್ನೆರಡನ್ನು ಕೂಡಿ ಅರವತ್ತರಿಂದ ಭಾಗಿಸಿದರೆ ಬರುವ ಶೇಷವೇ ಪ್ರಭವಾದಿಯಾಗಿ ಸಂವತ್ಸರದ ಸಂಖ್ಯೆ. ಶಕ ೧೯೦೯ಕ್ಕೆ, ಎಂದರೆ ೧೯೮೭-೮೮ಕ್ಕೆ, ಹನ್ನೆರಡನ್ನು ಕೂಡಿದರೆ ೧೯೨೧, ಅರವತ್ತರ ಕಟ್ಟಿನಲ್ಲಿ ಅದು ಮೂವತ್ತೆರಡು ಅರವತ್ತುಗಳು, ಒಂದು ಬಿಡಿ, ಆದುದರಿಂದ ಪ್ರಭವ. ಸಂವತ್ಸರದ ಹೆಸರೆಂಬುದು ಅರವತ್ತರ ಕಟ್ಟಿನಲ್ಲಿ ಬಿಡಿಸ್ಥಾನದ ಅಂಕವಲ್ಲದೆ ಬೇರೆಯಲ್ಲ. ಅರವತ್ತು ಅಂಕಗಳಿಗೂ ಅರವತ್ತು ಹೆಸರುಗಳನ್ನಿಟ್ಟ ಬರಹವಿದು. ಉತ್ತರದೇಶದ ಬಾರ್ಹಸ್ಪತ್ಯ ಗಣನೆಯಲ್ಲಿ ಸಂವತ್ಸರಗಳು ಆಗಾಗ ಲೋಪವಾಗುವುದರಿಂದ ಈ ವಿಧಿಯು ಅಲ್ಲಿಗೆ ಸಲ್ಲದು.

ಹತ್ತು ಅರವತ್ತನ್ನು ನಿಶ್ಶೇಷವಾಗಿ ಭಾಗಿಸುವುದರಿಂದ ಶಾಸನಶೋಧಕರಿಗೆ ಒಂದು ದೊಡ್ಡ ಉಪಕಾರವಾಗಿದೆ. ಸಂವತ್ಸರವು ತಿಳಿದರೆ ಶಕವರ್ಷದ ಕಡೆಯ ಅಂಕವು ತಾನಾಗಿಯೇ ಗೊತ್ತಾಗುವುದು. ಜಯ ಸಂವತ್ಸರವು ಇಪ್ಪತ್ತೆಂಟನೆಯದು. ಅದರಲ್ಲಿ ಬೀಳುವ ಶಕವರ್ಷಗಳೆಲ್ಲವೂ ಆರರಿಂದ ಮುಗಿಯುತ್ತವೆ. ಒಂದು ಕಲ್ಲಿನಲ್ಲಿ ಶಕವರ್ಷದ ಕಡೆಯ ಎರಡು ಅಂಕಗಳು ಸವೆದುಹೋಗಿ ಸಾವಿರವೆಂಬುದೂ ಜಯ ಸಂವತ್ಸರವೆಂಬುದೂ ಮಾತ್ರ ಉಳಿದಿವೆಯೆಂದು ಭಾವಿಸಿದರೆ, ನೂರು ವರ್ಷಗಳ ಸಂದೇಹವು ೧೦೩೬ ಮತ್ತು ೧೦೯೬ ಎಂಬ ಎರಡಕ್ಕೆ ಇಳಿಯುವುದು. ಉಳಿದುದು ಸಾವಿರದ ನೂರಾಗಿದ್ದರೆ ೧೧೫೬ ಒಂದೇ. ಕೆತ್ತಿರುವ ಬಿಡಿಯ ಅಂಕವು ಸಂವತ್ಸರಕ್ಕೆ ಹೊಂದದಿದ್ದರೆ ಒಡನೆಯೇ ಕೆತ್ತಿದವನನ್ನಾಗಲಿ ಓದಿದವನನ್ನಾಗಲಿ ದೂರಬಾರದು. ಗತವರ್ಷಕ್ಕೆ ಬದಲಾಗಿ ವರ್ತಮಾನವರ್ಷವನ್ನು ಹೇಳುವ ಶಾಸನಗಳಲ್ಲಿ ಒಂದು ವರ್ಷದ ಅಂತರವು ಸಹಜ. ಅಂತರವು ಅದಕ್ಕಿಂತ ಹೆಚ್ಚಾದರೆ ಕಲ್ಲನ್ನು ಮತ್ತೊಮ್ಮೆ ನೋಡಬೇಕು. ಎರಡು ವರ್ಷಗಳು ಉಳಿದಲ್ಲಿ, ಹೇಳಿರುವ ಮಾಸದ ಆ ತಿಥಿಯು ಒಂದೊಂದರಲ್ಲಿಯೂ ಯಾವ ವಾರದಂದು ಬೀಳುವುದೆಂದು ಪಂಚಾಂಗಗಣಿತದಿಂದ ತೆಗೆದು, ಕಲ್ಲಿನ ವಾರಕ್ಕೆ ಯಾವುದು ಕೂಡುವುದೋ ಅದನ್ನು ಹಿಡಿಯಬೇಕು. ಎರಡೂ ಕೂಡಿದರೆ ಅರಸನ ಹೆಸರು, ಲಿಪಿಯ ಮಾಟ ಇವುಗಳಿಂದಲೇ ನಿರ್ಣಯ.